ಕಳಾವರ್ ಗುಲಾಮ

ಭಾನುವಾರದ ಫೈನಲ್‌ಗೆ ಎರಡೇ ದಿನವಿರುವಾಗ ಆನ್‌ಲೈನ್ ಇಸ್ಪೀಟು ಸೈಟಿನ ಹುಡುಗಿ ಜಲಜಾಕ್ಷಮ್ಮನಿಗೆ ಫೋನ್ ಮಾಡಿದಳು.

“ಜೋಡಿ ಲೀಗಿನಿಂದ ನಿಮ್ಮನ್ನು ತೆಗೆದಿದ್ದೇವೆ ಅಮ್ಮ. ನೀವೂ ‘ಕಳಾವರ್ ಗುಲಾಮ’ ಅನ್ನೋ ಹೆಸರಿನ ನಿಮ್ಮ ಜೋಡಿಯೂ ಒಂದೇ ಮನೆಯ ವೈಫೈಯಿಂದ ಆಡ್ತಿದ್ದೀರಿ. ಕೈಯಲ್ಲಿರೋ ಎಲೆ ಒಬ್ಬರಿಗೊಬ್ಬರು ಹೇಳಿಕೊಂಡು ಆಡೋದು ಮೋಸ.”

ಜಲಜಾಕ್ಷಮ್ಮನಿಗೆ ಮೈಯೆಲ್ಲ ಉರಿದುಹೋಯಿತು. “ಮೋಸವಾ? ಬೇರೆ ಸೈಟಿನವರು ಬೋನಸ್ ತೋರಿಸಿ ಕರೆದಾಗಲೂ ನಾಲ್ಕು ವರ್ಷ ನಿಮ್ಮನ್ನೇ ನೆಚ್ಚಿಕೊಂಡವಳು ನಾನು! ಆ ಗುಲಾಮನ ಮುಖ ಕೂಡ ನೋಡಿಲ್ಲ. ಮಗ ಹಡಗಿನಲ್ಲಿದ್ದಾನೆ, ಮನೆಯಲ್ಲಿರೋದು ನಾನು, ಸೊಸೆ. ಅವಳಿಗೂ ನನಗೂ ಎರಡು ವರ್ಷದಿಂದ ಮಾತಿಲ್ಲ. ಎಲೆ ಯಾರಿಗೆ ಹೇಳ್ಲಿ, ಗೋಡೆಗಾ?”

“ನಿಮ್ಮ ಜೋಡಿಗೂ ನಮ್ಮವರು ಈಗ್ಲೇ ಫೋನ್ ಮಾಡ್ತಿದ್ದಾರೆ ಅಮ್ಮ.”

“ಮಾಡ್ಲಿ! ನನ್ನ ಗುಲಾಮ ನಿಮಗೆಲ್ಲ ಹೆದರೋನಲ್ಲ. ಸರಿಯಾಗಿ ಉಗೀತಾನೆ, ನೋಡ್ತಿರು.”

ಅಡುಗೆಮನೆಯಲ್ಲಿ ಫೋನ್ ರಿಂಗಾಯಿತು.

“ಮೋಸ ಗೀಸ ಅಂದ್ರೆ ಹುಷಾರ್!” ಸೊಸೆಯ ದನಿ ಮನೆಯೆಲ್ಲ ಕೇಳಿತು. “ಇಲ್ಲಿರೋದು ನಮ್ಮತ್ತೆ ಒಬ್ಬರು, ಅವರ ಹತ್ರ ಮಾತಾಡಿ ಎರಡು ವರ್ಷ ಆಯ್ತು. ಎಲೆ ಯಾರಿಗೆ ಹೇಳ್ಲಿ, ಒಲೆಗಾ?”