ತಾಲೀಮಿನ ಗೋಡೆಯ ಮೇಲಿನ ಕುಸ್ತಿ

"ಬಿತ್ತಲೇ! ಮತ್ತ ಬಿತ್ತ ಧಡೂತಿ!"

ಕೂಗಿದವನು ರಾಯಪ್ಪ. ಇಚಲಕರಂಜಿಯ ತಾಲೀಮಿನ, ಅಂದರೆ ಗರಡಿಮನೆಯ, ಗೋಡೆಯ ಮೇಲೆ ಎರಡು ಕಾಡುಮಂಗಗಳು ಕುಸ್ತಿಗೆ ಬಿದ್ದಿದ್ದವು. ಮರಿಗಳಲ್ಲ, ಸಂಸಾರಸ್ಥ ವಯಸ್ಸಿನವು. ಒಂದು ಜೋಳದ ಚೀಲದಂಥ ಧಡೂತಿ, ಇನ್ನೊಂದು ಹಿಂಡಿ ಒಣಹಾಕಿದ ಅರಿವೆಯಂಥ ಸಣಕಲ. ಸಣಕಲ ಬಾಲ ಹಿಡಿದು ಜಗ್ಗಿದರೆ ಸಾಕು, ಧಡೂತಿ ಅಂಗಾತ! ಕರೆಂಟು ಹೋಗಿ ಮಗ್ಗಗಳು ನಿಂತಿದ್ದವು. ಮಗ್ಗ ನಿಂತಾಗ ಮಾತ್ರ ಆ ಊರಿಗೆ ಕಿವಿ ಕೇಳುತ್ತದೆ. ರಾಯಪ್ಪನ ಕೂಗಿಗೆ ನೇಕಾರರೆಲ್ಲ ಓಡಿ ಬಂದು ಬೇವಿನ ಗಿಡದ ಕೆಳಗೆ ಜಮಾಯಿಸಿದರು.

ಅಸಲಿಗೆ ರಾಯಪ್ಪ ಕೊಲ್ಹಾಪುರದ ಬಸ್ಸು ಹಿಡಿಯಲು ಹೊರಟವನು. ಗಂಜಿ ಹಾಕಿದ ಅಂಗಿ, ತಲೆಗೆ ಗುಲಾಬಿ ರುಮಾಲು. ರವಿವಾರದ ಕುಸ್ತಿಗೆ ಹೆಸರು ಕೊಡಬೇಕಿತ್ತು, ಅದೂ ಕಾಗಲದ ಇಪ್ಪತ್ತೆರಡರ ಪೈಲವಾನನ ಮೇಲೆ. ತನಗೆ ನಲವತ್ತು. ಹೋದ ವರ್ಷ ಮಗ್ಗದ ಪಟ್ಟಾ ಎಳೆದು ಭುಜ ಜಾರಿದಾಗ, ಇವನ ಕುಸ್ತಿ ಮುಗಿಯಿತು ಎಂದಿದ್ದರು ಎಲ್ಲರೂ. ಆದರೆ ಮೂರು ತಿಂಗಳಿಂದ ಪಕ್ಕದ ಮಗ್ಗದ ಜೋತಿಬಾನನ್ನು ಅವನು ದಿನಾ ಬೆಳಗ್ಗೆ ಕೆಡವುತ್ತಿದ್ದ. ಎತ್ತಿನಂಥ ಜೋತಿಬಾ ದಿನಾ ಮಣ್ಣು ಮುಕ್ಕುತ್ತಿದ್ದ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟನ್ನು ಯಾವ ಡಾಕ್ಟರು ಕೊಟ್ಟಾನು?

"ಕಚ್ಚಾಡಾಕತ್ತಾವ, ಕಲ್ಲ ಒಗೀರಿ!" ಎಂದರು ತಾಲೀಮಿನ ಗುರು, ವಸ್ತಾದ ತಾತೋಬಾ.

"ಬ್ಯಾಡ್ರೀ ವಸ್ತಾದ!" ರಾಯಪ್ಪ ತಡೆದ. "ಅದು ಜಗಳ ಅಲ್ಲ, ಆಟ. ನಾ ದಿನಾ ನೋಡ್ತೇನಲ್ರಿ. ಬಾಯಿ ನೋಡ್ರಿ, ಇಷ್ಟಗಲ ತಗದಾವ. ಹಲ್ಲ ಮಾತ್ರ ಊರಾಂಗಿಲ್ಲ."

"ಇಷ್ಟ ವಯಸ್ಸಾದ ಮ್ಯಾಲೆ ಎಂಥಾ ಆಟೋ ಮಾರಾಯಾ?"

"ವಯಸ್ಸಾದವ್ರಿಗೇ ಆಟ ಜಾಸ್ತಿ ಬೇಕ್ರಿ!"

ಸಣಕಲ ತಗಡಿನ ಮಾಡಿಗೆ ಜಿಗಿಯಿತು. ಧಡೂತಿ ಬೆನ್ನು ಹತ್ತಿತು. ಮಾಡು ಗುಡುಗಿತು, ಕೆಳಗೆ ಸೀಟಿ, ಚಪ್ಪಾಳೆ. ಧಡೂತಿ ಒಂದೇ ನೆಗೆತಕ್ಕೆ ಸಣಕಲದ ಕುತ್ತಿಗೆ ಹಿಡಿದು ಅಮುಕಿತು. ಮುಗಿಯಿತು ಅನ್ನುವಷ್ಟರಲ್ಲಿ ಕೈ ಬಿಟ್ಟು, ತಾನೇ ಅಂಗಾತ ಬಿದ್ದು ನಾಲ್ಕೂ ಕಾಲು ಮೇಲೆತ್ತಿತು. ಸಣಕಲ ಅದರ ಎದೆ ಏರಿ ಕೂತಿತು.

"ನೂರಾ ಕುಸ್ತಿ!" ವಸ್ತಾದರು ನಕ್ಕರು. "ಮೊದ್ಲ ಮಾತಾಡ್ಕೊಂಡ ಬಂದಾವ ಬಡ್ಡಿಮಕ್ಕಳು!"

"ಅಲ್ರೀ, ಧಡೂತಿ ಭಾಳ ಶಾಣ್ಯಾ ಐತಿ. ದಿನಾ ತಾನ ಗೆದ್ರ ಸಣಕಲ ನಾಳಿ ಬರತೈತೇನ್ರಿ? ಆಟಾ ಬಂದ್ ಆಗಬಾರದು ಅಂತ ಬೀಳತೈತಿ. ಸಣಕಲಕ್ಕ ಗೊತ್ತಿಲ್ಲ ಪಾಪ, ತಾನ ಗೆದ್ದೆ ಅಂತ ಎದಿ ಉಬ್ಬಿಸ್ಕೊಂಡು..."

ಎಲ್ಲರೂ ನಗಬೇಕಿತ್ತು. ಯಾರೂ ನಗಲಿಲ್ಲ. ವಸ್ತಾದರಿಗೆ ಒಮ್ಮೆಲೇ ಬೇವಿನ ಎಲೆಗಳ ಮೇಲೆ ಆಸಕ್ತಿ ಹುಟ್ಟಿತು. ಜೋತಿಬಾ ಬಗ್ಗಿ, ಅಂಗಾಲಿನಲ್ಲಿ ಇಲ್ಲದ ಮುಳ್ಳನ್ನು ಕೀಳತೊಡಗಿದ. ರಾಯಪ್ಪನ ಮಾತು ಅವನ ಉಬ್ಬಿದ ಎದೆಯಲ್ಲೇ ಸಿಕ್ಕಿಕೊಂಡಿತು.

"ಜೋತ್ಯಾ... ಮೂರೂ ತಿಂಗಳಾ?"

"ಕಾಯ್ ಝಾಲಂ, ಏನಾತು ಅಣ್ಣಾ? ಮುಳ್ಳ ಹೊಕ್ಕೈತಿ..."

"ಇಳಿ ಮಣ್ಣಿಗೆ! ಇವತ್ತ ಫುಕಟ ಬಿದ್ದಿ ಅಂದ್ರ ನನ್ನ ಆಣಿ ಐತಿ ನಿನಗ."

ರಾಯಪ್ಪ ಅಂಗಿ ಕಳಚಿ ಬೇವಿನ ಟೊಂಗೆಗೆ ಸಿಕ್ಕಿಸಿದ. ಗಂಜಿಯ ಬಿಗುವಿಗೆ ಅದು ಮಾತ್ರ ಇನ್ನೂ ಎದೆ ಉಬ್ಬಿಸಿಕೊಂಡೇ ನಿಂತಿತ್ತು. ಇಬ್ಬರೂ ಅಂಗಳದ ಕೆಮ್ಮಣ್ಣಿಗೆ ಇಳಿದರು, ತೊಡೆ ತಟ್ಟಿದರು, ಕೈ ಕೂಡಿತು. ಮರುಗಳಿಗೆ ರಾಯಪ್ಪ ಗಾಳಿಯಲ್ಲಿದ್ದ. ಅದರ ಮರುಗಳಿಗೆ ಅವನ ಬೆನ್ನು ಮಣ್ಣಿನಲ್ಲಿ, ಕಣ್ಣು ಆಕಾಶದಲ್ಲಿ.

ಜೋತಿಬಾನ ಮುಖದಲ್ಲಿ ಗೆದ್ದವನ ಕಳೆ ಇರಲಿಲ್ಲ.

"ಸಿಟ್ಟಾದ್ಯಾ ಅಣ್ಣಾ? ಭುಜ ಹೋದಾಗಿಂದ ನೀ ಮನಿ ಮೂಲಿ ಹಿಡದಿದ್ದಿ. ತಾಲೀಮಿಗರೆ ಬರಲಿ ಅಂತ ನಾ... ನಾಳಿ ಬರಾಂಗಿಲ್ಲೇನು?"

ಸ್ಟ್ಯಾಂಡಿನ ಕಡೆ ಕೊಲ್ಹಾಪುರದ ಬಸ್ಸು ಹಾರ್ನ್ ಹೊಡೆದು ಹೊರಟದ್ದು ಕೇಳಿಸಿತು. ರಾಯಪ್ಪ ಏಳಲಿಲ್ಲ. ಮಲಗಿದಲ್ಲಿಂದಲೇ ಎರಡೂ ಕಾಲು ಮೇಲೆತ್ತಿದ, ಕೈ ಚಾಚಿ ಜೋತಿಬಾನ ಪಾದ ಹಿಡಿದು ಜಗ್ಗಿದ. ಅವನ ಬಾಯಿ ಕಿವಿಯವರೆಗೆ ತೆರೆದಿತ್ತು. ಹಲ್ಲು ಮಾತ್ರ ಎಲ್ಲೂ ಊರಲಿಲ್ಲ.