ಅಶ್ವದಳದ ಕರ್ನಲ್ಲನ ಅರ್ಜಿ

“ಪ್ರಯಾರಿಟಿ ಡೇಟ್ ಯಾವುದು?” ಬಾಗಿಲು ತೆರೆದ ತ್ರಿವಿಕ್ರಮ ಹೆಸರಿಗಿಂತ ಮೊದಲು ಅದನ್ನೇ ಕೇಳಿದ. ಶನಿವಾರ ಬೆಳಿಗ್ಗೆ ಫೈಲು ಹಿಡಿದು ಎಜುಕೇಶನ್ ಹಿಲ್‌ನ ಅವನ ಮನೆಗೆ ಬರುವವರೆಲ್ಲ ಅಮೆರಿಕದ ಗ್ರೀನ್ ಕಾರ್ಡ್ ಅರ್ಜಿ ತುಂಬಿಸಿಕೊಳ್ಳಲು ಬರುವವರೇ. ಯಾವ ದಿನದಿಂದ ಕ್ಯೂನಲ್ಲಿದ್ದಾನೆ ಎಂದು ಗೊತ್ತಾದರೆ ಮನುಷ್ಯನ ಮುಕ್ಕಾಲು ಕಥೆ ಗೊತ್ತಾದಂತೆ.

“ಸಾವಿರದ ಏಳುನೂರ ಎಪ್ಪತ್ತಾರು,” ಎಂದ ಬಂದವನು. ನೀಲಿ ಕೋಟು, ಮೊಣಕಾಲು ಮುಚ್ಚುವ ಬೂಟು, ಸೊಂಟದಲ್ಲಿ ಕತ್ತಿ. “ಕರ್ನಲ್ ಫೆಲಿಮ್ ರೋರ್ಕ್, ಅಶ್ವದಳ. ಮಿಲ್ ಕ್ರೀಕ್‌ನ ದ್ಯಾಮಣ್ಣ ಕಳಿಸಿದರು; ಅವರ ಅರ್ಜಿಯನ್ನೂ ನೀವೇ ತುಂಬಿದಿರಂತೆ.” ಅವನು ಯಾವ ಭಾಷೆಯಲ್ಲಿ ಮಾತಾಡಿದನೆಂದು ಆಮೇಲೆ ಯಾರಿಗೂ ನೆನಪಾಗಲಿಲ್ಲ. ಅರ್ಥವಂತೂ ಆಗಿತ್ತು.

“ವಿಕ್ರಮ್, ಕುದುರೇನ ಮೇಲ್‌ಬಾಕ್ಸ್‌ಗೆ ಕಟ್ಟಿದಾರೆ,” ಎಂದಳು ಹೆಂಡತಿ ಯಾಮಿನಿ, ಕಿಟಕಿಯಲ್ಲಿ ಇಣುಕಿ. “ಪಕ್ಕದ್ಮನೆ ಲಾನ್ ಮೇಯ್ತಾ ಇದೆ. ಎಚ್‌ಓಎ, ಅದೇ ನಮ್ಮ ಲೇಔಟ್ ಸಂಘದೋರು, ನಮಗೇ ಲೆಟರ್ ಕಳಿಸೋದು, ನೋಡ್ತಿರು.”

ಕರ್ನಲ್ ವಲಸೆ ಇಲಾಖೆಯ ಒಂದು ಕಾಗದವನ್ನು ಮುಂದಿಟ್ಟ. ದಾಖಲೆ ಕೊಡಿ, ಇಲ್ಲವೇ ಸೋಮವಾರದೊಳಗೆ ದೇಶ ಬಿಡಿ ಎಂದಿತ್ತು. ತ್ರಿವಿಕ್ರಮನಿಗೆ ಅಯ್ಯೋ ಅನಿಸಿತು. “ಹುಟ್ಟಿದ ದೇಶ?” ಎಂದು ಕೇಳಿ, “ಐರ್ಲೆಂಡ್” ಎಂಬ ಉತ್ತರ ಬಂದ ಮೇಲೆ ಅಷ್ಟು ಅನಿಸಲಿಲ್ಲ.

“ಐರ್ಲೆಂಡ್‌ಗೆ ಕ್ಯೂನೇ ಇಲ್ಲ ಸರ್. ಇಂಡಿಯಾದಲ್ಲಿ ಹುಟ್ಟಿದೋರಿಗೇ ಇರೋದು. ನಾನು ಎರಡು ಸಾವಿರದ ಎಂಟರಿಂದ ನಿಂತಿದೀನಿ, ಒಂಬತ್ತು ವರ್ಷ ಆಯ್ತು. ಸರಿ, ಇಲ್ಲೀವರೆಗೆ ಏನೇನ್ ಕೆಲಸ ಮಾಡಿದೀರ ಹೇಳಿ.”

“ಡಬ್ಲಿನ್ನಿನಲ್ಲಿ ಬಟ್ಟೆ ವ್ಯಾಪಾರ. ಆಮೇಲೆ ಹಡಗು. ಆಮೇಲೆ ಈ ನೆಲದಲ್ಲೇ ಬ್ರಿಟಿಷ್ ರಾಜನ ವಿರುದ್ಧ ದಂಗೆ, ಏಳು ವರ್ಷ. ಮೂರು ಕುದುರೆಗಳು ನಾನು ಮೇಲೆ ಕೂತಿರುವಾಗಲೇ ಗುಂಡು ತಗುಲಿ ಸತ್ತವು. ಒಂದು ಚಳಿಗಾಲವಿಡೀ ಸಂಬಳವಿಲ್ಲ. ಜೀನಿನ ಚರ್ಮ ಬೇಯಿಸಿಕೊಂಡು ತಿಂದೆವು.”

ತ್ರಿವಿಕ್ರಮ ಪೆನ್ನು ಕೆಳಗಿಟ್ಟ. “ಸಂಬಳ ಇರ್ಲಿಲ್ವಾ? ಎಷ್ಟು ತಿಂಗಳು? ಪೇ ಸ್ಲಿಪ್ ಇಲ್ದಿದ್ರೆ ಕಷ್ಟ ಸರ್. ಹೋಗ್ಲಿ, ಎಕ್ಸ್‌ಪೀರಿಯೆನ್ಸ್ ಲೆಟರ್ ಇದೆಯಾ? ಮ್ಯಾನೇಜರ್ ಸೈನ್ ಇರ್ಬೇಕು.”

“ನನ್ನ ಮೇಲಧಿಕಾರಿ ತೀರಿಕೊಂಡು ಇನ್ನೂರು ವರ್ಷವಾಯಿತು.”

“ಹಾಗಾದ್ರೆ ಜೊತೇಲಿ ಕೆಲಸ ಮಾಡಿದೋರ ಕೈಲಿ ಒಂದು ಅಫಿಡವಿಟ್ ಬರ್ಸಿ.”

ಯಾಮಿನಿ ಕಾಫಿ ತಂದಿಟ್ಟಳು. ಹನ್ನೆರಡನೆಯ ಪುಟ ಬಂದಾಗ ತ್ರಿವಿಕ್ರಮ ಸಲೀಸಾಗಿ ಗೀಟು ಹಾಕಲು ಹೊರಟ. “ಇಲ್ಲಿಂದ ಮೂರು ಪುಟ ಎಲ್ಲಾ ನೋ. ಕಳ್ಳಸಾಗಣೆ, ಬಾಂಬು, ಎರಡು ಮದುವೆ, ಎಲ್ಲಾ ನೋ. ಯಾರೂ ಓದಲ್ಲ.”

“ನಾನು ಓದುತ್ತೇನೆ,” ಎಂದು ಕರ್ನಲ್ ಕಾಗದ ತಿರುಗಿಸಿಕೊಂಡ. “‘ಯಾವುದಾದರೂ ಸರ್ಕಾರವನ್ನು ಬಲಪ್ರಯೋಗದಿಂದ ಉರುಳಿಸುವ ಕೆಲಸದಲ್ಲಿ ನೀವು ಭಾಗವಹಿಸಿದ್ದೀರಾ?’ ಹೌದು.”

“ನೋ, ಸರ್.”

“ನಾನು ಬದುಕಿನಲ್ಲಿ ನೆಟ್ಟಗೆ ಮಾಡಿದ್ದು ಅದೊಂದೇ ಕೆಲಸ.”

“ಗೊತ್ತು ಸರ್. ಆದ್ರೂ ನೋ. ಯೆಸ್ ಅಂದ್ರೆ ಅರ್ಜಿ ಅಲ್ಲೇ ಮುಗೀತು.”

“ನಾನು ನೋ ಎಂದರೆ, ಈ ಅರ್ಜಿಯನ್ನು ಯಾವ ದೇಶಕ್ಕೆ ಕಳಿಸುತ್ತೀರಿ?”

ಹನ್ನೊಂದು ಜನರ ಅರ್ಜಿ ತುಂಬಿದ ತ್ರಿವಿಕ್ರಮನಿಗೆ ಈ ಪ್ರಶ್ನೆ ಹೊಸದು. ಕರ್ನಲ್ ಪೆನ್ನು ತೆಗೆದುಕೊಂಡು ‘ಹೌದು’ ಎಂಬಲ್ಲಿ ಗುರುತು ಹಾಕಿದ. ವಿವರಣೆಗೆಂದು ಒಂದೂವರೆ ಗೆರೆ ಜಾಗವಿತ್ತು. ‘ಆದ್ದರಿಂದಲೇ ಈ ಪ್ರಶ್ನೆ ಕೇಳಲು ನೀವು ಇದ್ದೀರಿ’ ಎಂದು ಬರೆದ. ಸುಳ್ಳು ಹೇಳಿ ಉಳಿಯುವುದಕ್ಕಿಂತ ಹಡಗು ಹತ್ತುವುದೇ ವಾಸಿ ಎಂದ.

ಕೊನೆಯ ಪುಟದಲ್ಲಿ ಇನ್ನೊಂದು ಚೌಕವಿತ್ತು: ಈ ಅರ್ಜಿ ತುಂಬಲು ಸಹಾಯ ಮಾಡಿದವರ ಹೆಸರು, ವಿಳಾಸ, ಸಹಿ. ಯಾಮಿನಿ ಗಂಡನ ತೋಳು ಹಿಡಿದು ಅಡುಗೆಮನೆಗೆ ಎಳೆದಳು.

“ದಂಗೆ ಎದ್ದೆ ಅಂತ ಕೈಯಾರೆ ಬರ್ದಿದಾನೆ. ಅದರ ಕೆಳಗೆ ನಿನ್ನ ಹೆಸರಾ? ನಮ್ಮ ಫೈಲೂ ಅದೇ ಆಫೀಸಲ್ಲಿ ಇದೆ. ಒಂಬತ್ತು ವರ್ಷದಲ್ಲಿ ಒಂದು ಸ್ಪೀಡಿಂಗ್ ಟಿಕೆಟ್ ತಗೊಂಡಿಲ್ಲ ನಾವು!”

“ಪಾಪ ಕಣೇ, ಸೋಮವಾರ ಲಾಸ್ಟ್ ಡೇಟು. ಆ ಚೌಕ ಖಾಲಿ ಬಿಟ್ರೆ ವಾಪಸ್ ಕಳಿಸ್ತಾರೆ.”

“ಆಯ್ತು, ಸೈನ್ ಮಾಡು. ಮಾಡಿ, ಆಮೇಲೆ ಯುದ್ಧಕ್ಕೂ ಹೋಗು.”

ತ್ರಿವಿಕ್ರಮ ಒಂದು ಲೋಟ ನೀರು ಕುಡಿದ. ಇನ್ನೊಂದು ಲೋಟ ಕುಡಿದ. ಹೊರಗೆ ಬಂದ. ಕರ್ನಲ್ ಆಗಲೇ ಎದ್ದು ನಿಂತು ಕೈಗವಸು ಹಾಕಿಕೊಳ್ಳುತ್ತಿದ್ದ. ಮೇಜಿನ ಮೇಲಿನ ಅರ್ಜಿಯಲ್ಲಿ ಸಹಾಯ ಮಾಡಿದವರ ಚೌಕ ತುಂಬಿತ್ತು: ‘ಯಾರೂ ಇಲ್ಲ.’

“ಸರ್, ನಾನು ಹಾಗಲ್ಲ…”

“ಯುದ್ಧದಲ್ಲಿ ನಮಗೆ ಅನ್ನ ಹಾಕಿದ ಮನೆಗಳ ಹೆಸರನ್ನೂ ನಾವು ಎಲ್ಲಿಯೂ ಬರೆದಿಡಲಿಲ್ಲ,” ಎಂದ ಕರ್ನಲ್.

ಇಪ್ಪತ್ತು ಪುಟಗಳ ಅರ್ಜಿಯಲ್ಲಿ ಅವನು ಬರೆದ ಸುಳ್ಳು ಅದೊಂದೇ. ತ್ರಿವಿಕ್ರಮ ಅದನ್ನು ಎರಡು ಸಲ ಓದಿ, ಸರಿಯಾಗಿದೆ ಎಂದು ತಲೆಯಾಡಿಸಿ, ಸ್ಟೇಪಲ್ ಹೊಡೆದ.