ಸಿ.ಡಿ.ಯಲ್ಲಿ ಅಮ್ಮನ ಜೋಗುಳ

ಹೊಸ ವೈರಿನ ಪ್ಲಾಸ್ಟಿಕ್ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಬೆಟ್ಟದಪುರದ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಮೈಸೂರಿನಿಂದ ಸಿ.ಡಿ. ರೆಕಾರ್ಡರ್ ತಂದಿದ್ದರು. ಕೆಂಪು, ಬಿಳಿ ವೈರುಗಳನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿ, ಮೈಕು ಜೋಡಿಸಿ ಅಮ್ಮನನ್ನು ಕರೆದರು.

"ಮಗೀಗೆ ಜೋಗುಳ ಯೋಳ್ತೀಯಲ್ಲ, ಅದ್ನೇ ಯೋಳು."

ಅಮ್ಮ ಹೊಗೆಸೊಪ್ಪಿನ ಅಂಟು ಹತ್ತಿದ್ದ ಕೈ ತೊಳೆದು, ತಲೆ ಬಾಚಿಕೊಂಡು ಬಂದು, ಕಣ್ಣು ಮುಚ್ಚಿ ಹಾಡಿದಳು.

ರೆಕಾರ್ಡಾದ ಮೇಲೆ ಅಪ್ಪ ಸೊಪ್ಪು ಕಟ್ಟುವ ಆಳುಗಳನ್ನೆಲ್ಲ ಜಗಲಿಗೆ ಕರೆದು ಕೇಳಿಸಿದರು. ಸ್ಪೀಕರಿನಲ್ಲಿ ಅಮ್ಮನ ದನಿ ಒಡೆದು, ಮೂಗಿನಿಂದ ಬಂದಂತಿತ್ತು.

"ಕೇಳ್ರಲಾ, ಎಮ್ಮೆ ಈಯೋ ಹೊತ್ನಲ್ಲಿ ಇಂಗೇ ಅಲ್ವಾ ಅರಚೋದು?" ಎಂದರು ಅಪ್ಪ. ಎಲ್ಲರೂ ನಕ್ಕರು. ಅಜ್ಜಿ ಕೆಮ್ಮು ಬರುವಷ್ಟು ನಕ್ಕಳು.

ಅಮ್ಮನೂ ಸೆರಗು ಕಚ್ಚಿಕೊಂಡು ನಕ್ಕಳು. ಆಮೇಲೆ ಮೆಲ್ಲಗೆ, "ಅಳಿಸ್ಬುಡಿ ಅದ್ನ," ಎಂದಳು.

"ಇದೇನು ಕ್ಯಾಸೆಟ್ಟಾ? ಒಂದ್ಸಲ ರೆಕಾರ್ಡಾದ್ರೆ ಮುಗೀತು ಕಣೆ. ನೀ ಸತ್ರೂ ಅಳಿಸಕ್ಕಾಗಲ್ಲ."

ಅಂದಿನಿಂದ ಯಾವ ನೆಂಟರು ಬಂದರೂ ಅಪ್ಪ ಅದನ್ನು ಹಾಕಿ ನಗಿಸುತ್ತಿದ್ದರು. ಅಮ್ಮ ಮತ್ತೆ ಹಾಡಲಿಲ್ಲ. ಅಂಬೆಗಾಲಿಡುತ್ತಿದ್ದ ನನ್ನ ತಮ್ಮ ಅತ್ತರೆ ಸುಮ್ಮನೆ ಬೆನ್ನು ತಟ್ಟುತ್ತಿದ್ದಳು. ಅವನಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಒಂದು ದಿನ ಅವನ ಅಳು ತಡೆಯಲಾರದೆ ಅಪ್ಪ ಆ ಸಿ.ಡಿ. ಹಾಕಿದರು. ತಮ್ಮ ತಟ್ಟನೆ ಅಳು ನಿಲ್ಲಿಸಿದ. ಅಮ್ಮನ ಮಡಿಲಿನಿಂದ ಜಾರಿ ಸ್ಪೀಕರಿನ ಕಡೆಗೆ ಅಂಬೆಗಾಲಿಟ್ಟು ಹೋದ.

"ನೋಡ್ದಾ, ಇನ್ಮೇಲೆ ನೀನೇ ಬ್ಯಾಡ ಅವ್ನಿಗೆ," ಎಂದರು ಅಪ್ಪ.

ಅಮ್ಮ ಖಾಲಿ ಮಡಿಲಿನ ಮೇಲೆ ಕೈ ಇಟ್ಟುಕೊಂಡು ಹಾಗೇ ಕೂತಿದ್ದಳು.